40 ಅಡಿ ರಸ್ತೆ ಅಗೆದು ಹೊಸದಾಗಿ ಮಾಡ್ತಾರಂತೆ: ಟೆಂಡರ್ ಆಗೋ ಮುಂಚೆ ಏನೇನು ಕೇಳಬೇಕು?

ಅಡ್ಡರಸ್ತೆ_ನಿವಾಸಿ
ಬೆಂಗಳೂರಿನ ಹಳೇ ಬಡಾವಣೆ. 40 ಅಡಿ ರಸ್ತೆ, ಉದ್ದ ಹೆಚ್ಚುಕಮ್ಮಿ 300 ಮೀಟರ್. ಎರಡೂ ಕಡೆ 40x60 ಸೈಟುಗಳು. ಬಿಎಂಟಿಸಿ ಬಸ್ ಓಡಾಡುತ್ತೆ, ಮಧ್ಯದಲ್ಲಿ ಒಂದು ಸ್ಟಾಪ್ ಇದೆ. ಈಗ ಮೋರಿ ಮೇಲಿನ ಚಪ್ಪಡಿಯೇ ಫುಟ್‌ಪಾತ್. ಅದರಲ್ಲಿ ಅರ್ಧ ಮುರಿದಿದೆ, ಇನ್ನರ್ಧದ ಮೇಲೆ ಸ್ಕೂಟರ್ ನಿಂತಿರುತ್ತೆ. ಎಸ್ಟಿಮೇಟ್ ಸಿದ್ಧವಾಗ್ತಿದೆ, ಅದರಲ್ಲಿ "ರಸ್ತೆ ಮತ್ತು ಪಾದಚಾರಿ ಮಾರ್ಗ ಅಭಿವೃದ್ಧಿ" ಅಂತ ಒಂದೇ ಸಾಲು ಕಾಣ್ತಿದೆ. ವಾರ್ಡ್ ಸಭೆಯಲ್ಲಿ ಕೇಳೋದಕ್ಕೆ ಪಟ್ಟಿ ಬೇಕು. ಫುಟ್‌ಪಾತ್ ಎಷ್ಟು ಅಗಲ? ಯಾವ ಟೈಲ್ಸ್? ಮೋರಿ ಎಷ್ಟು ದೊಡ್ಡದು? ಬಸ್ಸಿಗೆ ಬೇ (ರಸ್ತೆಯಿಂದ ಒಳಸರಿದು ನಿಲ್ಲೋ ಜಾಗ) ಮಾಡಿಸಬೇಕಾ?

ಸೈಟ್_ಇಂಜಿನಿಯರ್
ಟೈಲ್ಸ್ ವಿಷಯ ಕೊನೆಗಿರಲಿ. ಮೊದಲು ಲೆವೆಲ್ ಕೇಳಿ.

ಕರ್ಬ್ ಕಲ್ಲು (ಫುಟ್‌ಪಾತ್ ಅಂಚಿನ ಕಲ್ಲು) ಹಾಕಿದಾಗ ರಸ್ತೆಯಿಂದ 150 ಮಿ.ಮೀ. ಎತ್ತರ ಇರುತ್ತೆ ಅಂದ್ಕೊಳ್ಳಿ. ಆಮೇಲೆ ಹಳೇ ಡಾಂಬರನ್ನು ಕೆರೆಯದೆ ಮೇಲೇ 40 ಮಿ.ಮೀ. ಪದರ ಹಾಕ್ತಾರೆ. ಮೂರು ಸಲ ಹಾಗೆ ಹಾಕಿದರೆ 120 ಮಿ.ಮೀ. ಹೋಯ್ತು, ಕರ್ಬ್ ಉಳಿದಿದ್ದು 30. ಅಲ್ಲಿಗೆ ಫುಟ್‌ಪಾತ್ ಪಾರ್ಕಿಂಗ್ ಆಗುತ್ತೆ, ಮಳೆನೀರು ಮೋರಿ ಬಾಯಿಗೆ ಹೋಗೋ ಬದಲು ಗೇಟಿನೊಳಗೆ ಹೋಗುತ್ತೆ. ಮನೆಯವರು ಗೇಟ್ ಮುಂದೆ ಸಿಮೆಂಟ್ ದಿಬ್ಬ ಕಟ್ಟಿಸ್ತಾರೆ. ಆ ದಿಬ್ಬ ಇರೋದು ಫುಟ್‌ಪಾತ್ ಮೇಲೆ. ವೈಟ್‌ಟಾಪಿಂಗ್ ಆದರೆ ಕಥೆ ಇನ್ನೂ ಕೆಟ್ಟದು: ಹಳೇ ರಸ್ತೆ ತೆಗೆಯದೆ ಮೇಲೆ 150ರಿಂದ 200 ಮಿ.ಮೀ. ಕಾಂಕ್ರೀಟ್ ಕೂರಿಸಿದರೆ ಒಂದೇ ಏಟಿಗೆ ಕರ್ಬ್ ಮುಳುಗುತ್ತೆ.

ಲೆವೆಲ್ ಲೆಕ್ಕವನ್ನು ಗೇಟಿನಿಂದ ಶುರು ಮಾಡಬೇಕು, ರಸ್ತೆಯಿಂದ ಅಲ್ಲ. ಗೇಟಿನ ಹೊಸ್ತಿಲು ಸೊನ್ನೆ. 2.1 ಮೀಟರ್ ಫುಟ್‌ಪಾತ್ ರಸ್ತೆ ಕಡೆಗೆ 50ಕ್ಕೆ 1ರ ಇಳಿಜಾರಿನಲ್ಲಿ ಹೋದರೆ 42 ಮಿ.ಮೀ. ಕೆಳಗೆ. ಕರ್ಬ್ 100 ಮಿ.ಮೀ. ಇಟ್ಟರೆ ರಸ್ತೆಯ ಅಂಚು 142 ಮಿ.ಮೀ. ಕೆಳಗೆ. ಅಲ್ಲಿಂದ ನಡುರಸ್ತೆವರೆಗೆ 3 ಮೀಟರ್, ಶೇ. 2.5 ಕ್ಯಾಂಬರ್ (ನಡುವಿನಿಂದ ಅಂಚಿಗೆ ಕೊಡೋ ಇಳಿಜಾರು), 75 ಮಿ.ಮೀ. ಮೇಲೆ. ಅಂದರೆ ರಸ್ತೆಯ ನಡು ನೆತ್ತಿಯೂ ಗೇಟಿಗಿಂತ 67 ಮಿ.ಮೀ. ಕೆಳಗಿರಬೇಕು. ಈಗಿನ ರಸ್ತೆ ಅದಕ್ಕಿಂತ ಮೇಲಿದ್ದರೆ ಕೆರೆಯಲೇಬೇಕು, ಬೇರೆ ದಾರಿ ಇಲ್ಲ. ಎಸ್ಟಿಮೇಟ್‌ನಲ್ಲಿ "ಮಿಲ್ಲಿಂಗ್" (ಹಳೇ ಪದರ ಕೆರೆಯೋದು) ಅನ್ನೋ ಐಟಂ ಇದೆಯಾ ನೋಡಿ. ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಬರೀ ಅಲಂಕಾರ.

ಎರಡು ನಕ್ಷೆ ಕೇಳಿ: ರಸ್ತೆಯುದ್ದದ ಲೆವೆಲ್ ತೋರಿಸೋ ಎಲ್-ಸೆಕ್ಷನ್, ಮತ್ತೆ ಪ್ರತಿ 10 ಮೀಟರಿಗೆ ಒಂದು ಅಡ್ಡಕೊಯ್ತ. ಅಡ್ಡಕೊಯ್ತದಲ್ಲಿ ಎರಡೂ ಬದಿ ಗೇಟಿನ ಲೆವೆಲ್ ಬರೆದಿರಬೇಕು.

ನಡಿಗೆ_ಮೊದಲು
ಅಗಲಕ್ಕೆ ಬರೋಣ. 40 ಅಡಿ ಅಂದರೆ 12.2 ಮೀಟರ್. ಐಆರ್‌ಸಿ:103 (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ) ಪ್ರಕಾರ ವಸತಿ ಪ್ರದೇಶದಲ್ಲೂ ಯಾವ ಅಡ್ಡಿಯೂ ಇಲ್ಲದ ನಡೆಯೋ ಜಾಗ ಕನಿಷ್ಠ 1.8 ಮೀಟರ್. ಇದು ಕಂಬ, ಮರ, ಪೆಟ್ಟಿಗೆ ಎಲ್ಲ ಕಳೆದು ಉಳಿಯಬೇಕಾದ ಅಗಲ. ಎಸ್ಟಿಮೇಟ್‌ಗಳಲ್ಲಿ "ಫುಟ್‌ಪಾತ್ 1.8 ಮೀ." ಅಂತ ಬರೆದು ಅದರ ನಡುವೆಯೇ ಕಂಬ ನೆಟ್ಟಿರೋದು ಮಾಮೂಲು. ನಕ್ಷೆಯಲ್ಲಿ "ತೆರವು ಅಗಲ" ಅಂತ ಬೇರೆ ಅಳತೆ ಬರೆಸಿ.

ಹಂಚಿಕೆ ಹೀಗೆ ಬರುತ್ತೆ: ಎರಡು ಲೇನ್ 3.0 + 3.0, ಒಂದು ಬದಿಗೆ ಮಾತ್ರ 2.0 ಮೀಟರಿನ ಪಟ್ಟಿ, ಎರಡೂ ಕಡೆ ಕರ್ಬ್ ಸೇರಿ 2.1 ಮೀಟರ್ ಫುಟ್‌ಪಾತ್. ಮೊತ್ತ 12.2. ಆ 2 ಮೀಟರ್ ಪಟ್ಟಿಯಲ್ಲೇ ಮರ, ಬೀದಿದೀಪ, ಬೆಸ್ಕಾಂ ಪೆಟ್ಟಿಗೆ, ಪಾರ್ಕಿಂಗ್, ಸೊಪ್ಪಿನ ಗಾಡಿ ಎಲ್ಲಾ. ಎದುರು ಬದಿಯಲ್ಲಿ ಒಂದು ಕಂಬವೂ ಇರಬಾರದು.

ಪಟ್ಟಿಯನ್ನು 100 ಮೀಟರಿಗೊಮ್ಮೆ ಎಡಬಲ ಬದಲಾಯಿಸಿದರೆ ಲೇನ್ ಕೊಂಚ ವಾಲುತ್ತೆ, ನೇರ ರಸ್ತೆ ಕಂಡರೆ ಆಕ್ಸಿಲರೇಟರ್ ತಿರುಚೋರಿಗೆ ಕಡಿವಾಣ ಬೀಳುತ್ತೆ. ಆದರೆ ಕಂಬಗಳು ಈಗ ಯಾವ ಬದಿ ಇವೆ ಅನ್ನೋದರ ಮೇಲೆ ಅದು ನಿಂತಿದೆ. ಕಂಬ ಸ್ಥಳಾಂತರದ ಖರ್ಚು ಬೆಸ್ಕಾಂಗೆ ಮುಂಗಡ ಕಟ್ಟದೆ ಒಂದು ಕಂಬವೂ ಕದಲಲ್ಲ. ಎಸ್ಟಿಮೇಟ್‌ನಲ್ಲಿ ಆ ಮೊತ್ತ ಬೇರೆಯಾಗಿ ಇದೆಯಾ ಕೇಳಿ.

ಡ್ರೈವರ್_ಸೀಟ್
ಬಸ್ ಎರಡೂವರೆ ಮೀಟರ್ ಅಗಲ. ಕನ್ನಡಿ ಬೇರೆ ಎರಡೂ ಕಡೆ ಹೊರಗೆ ಚಾಚಿರುತ್ತೆ. 6 ಮೀಟರಿನಲ್ಲಿ ಎರಡು ಬಸ್ ಎದುರುಬದುರು ಬಂದರೆ? ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತೆ ಸಾರ್.

ನಡಿಗೆ_ಮೊದಲು
ಪ್ರಶ್ನೆ ಸರಿಯಾಗಿದೆ. ಎರಡು ಬಸ್‌ಗೆ 5 ಮೀಟರ್, ಉಳಿದ 1 ಮೀಟರಿನಲ್ಲಿ ಕನ್ನಡಿ. 20 ಕಿ.ಮೀ. ವೇಗದಲ್ಲಿ ದಾಟಬಹುದು, 40ರಲ್ಲಿ ಆಗಲ್ಲ. ಮನೆಗಳ ನಡುವಿನ ರಸ್ತೆಯಲ್ಲಿ ಅದೇ ಬೇಕಾಗಿರೋದು. ಬಸ್ ತುಂಬಾ ಓಡಾಡೋ ಮಾರ್ಗವಾದರೆ ಲೇನ್ 3.2 ಮಾಡಿ, ಪಟ್ಟಿ 1.8ಕ್ಕೆ ಇಳಿಸಿ, ಫುಟ್‌ಪಾತ್ 2.0 ಮಾಡಿ. ಮತ್ತೆ ಮೊತ್ತ 12.2. ಕರ್ಬ್ 150 ಮಿ.ಮೀ. ಕಳೆದರೂ ನಡೆಯೋಕೆ 1.85 ಉಳಿಯುತ್ತೆ. 1.8 ಮೀಟರ್ ಪಟ್ಟಿಯಲ್ಲಿ ಸಣ್ಣ ಕಾರು, ಆಟೊ ನಿಲ್ಲುತ್ತೆ, ದೊಡ್ಡ ಎಸ್‌ಯುವಿ ನಿಲ್ಲಲ್ಲ. ಅದು ನಷ್ಟ ಅಂತ ನನಗನ್ನಿಸಲ್ಲ.

ಮೋರಿ_ಲೆಕ್ಕ
"ಮೋರಿ ಎಷ್ಟು ದೊಡ್ಡದು" ಅನ್ನೋದಕ್ಕೆ ಅಂಕಿಯಲ್ಲೇ ಹೇಳ್ತೀನಿ, ಯಾಕಂದ್ರೆ ಎಲ್ಲ ಸಭೆಯಲ್ಲೂ ಜನ ಕೇಳೋದು "ಮೋರಿ ದೊಡ್ಡದು ಮಾಡಿ" ಅಂತಾನೇ.

ರಸ್ತೆ 12.2 x 300 ಮೀಟರ್, ಜೊತೆಗೆ ಎರಡೂ ಬದಿ 60 ಅಡಿ ಆಳದ ಸೈಟುಗಳು. ಒಟ್ಟು ಸುಮಾರು 1.46 ಹೆಕ್ಟೇರ್. ಗಂಟೆಗೆ 60 ಮಿ.ಮೀ. ಮಳೆ ಸುರಿದು, ಅದರ ಶೇ. 80 ಹರಿದು ಬಂದರೆ ಸೆಕೆಂಡಿಗೆ ಸುಮಾರು 195 ಲೀಟರ್. ಎರಡು ಬದಿಗೆ ಹಂಚಿದರೆ ಒಂದೊಂದು ಮೋರಿಗೆ ನೂರು ಲೀಟರ್ ಒಳಗೆ. ಈಗ 600 ಮಿ.ಮೀ. ಅಗಲದ ಕಾಂಕ್ರೀಟ್ ಮೋರಿ, 200ಕ್ಕೆ 1 ಇಳಿಜಾರು, 450 ಮಿ.ಮೀ. ಎತ್ತರಕ್ಕೆ ನೀರು ಅಂತ ಇಟ್ಟರೆ ಅದು ಸಾಗಿಸೋದು ಸೆಕೆಂಡಿಗೆ 400 ಲೀಟರ್. ನಾಲ್ಕು ಪಟ್ಟು! ಅದೇ ಮೋರಿಗೆ 1000ಕ್ಕೆ 1 ಇಳಿಜಾರು ಕೊಟ್ಟರೆ ಸಾಮರ್ಥ್ಯ 180ಕ್ಕೆ ಇಳಿಯುತ್ತೆ, ಅದಕ್ಕಿಂತ ಮುಖ್ಯ, ನೀರಿನ ವೇಗ ಸೆಕೆಂಡಿಗೆ 1.5 ಮೀಟರಿದ್ದದ್ದು 0.7ಕ್ಕೆ ಬೀಳುತ್ತೆ. ಮಳೆ ಸಣ್ಣದಾದಾಗ ವೇಗ ಇನ್ನೂ ಕಮ್ಮಿ. ಮರಳು, ಹೂಳು ಅಲ್ಲೇ ಕೂರುತ್ತೆ. ತಳದಲ್ಲಿ ಎಲ್ಲೋ ಒಂದು ಕಡೆ ಉಲ್ಟಾ ಇಳಿಜಾರಿದ್ದರೆ ಅದು ಮೋರಿ ಅಲ್ಲ, ಸೊಳ್ಳೆ ತೊಟ್ಟಿ.

ಹಾಗಾಗಿ ಕೇಳಬೇಕಾದ್ದು ಗಾತ್ರ ಅಲ್ಲ. ಮೋರಿಯ ತಳದ ಲೆವೆಲ್ ಪ್ರತಿ 10 ಮೀಟರಿಗೆ ಎಷ್ಟು? ಕೊನೆಗೆ ಯಾವ ಚರಂಡಿಗೆ ಸೇರುತ್ತೆ, ಆ ಚರಂಡಿಯ ತಳ ಇದಕ್ಕಿಂತ ಕೆಳಗಿದೆಯಾ? ಮೇಲಿನ ರಸ್ತೆಗಳ ನೀರೂ ಇದೇ ಮೋರಿಗೆ ಬರುತ್ತಾ? ಬರೋದಾದರೆ ನನ್ನ ಲೆಕ್ಕ ಬಿದ್ದುಹೋಗುತ್ತೆ, ಪೂರ್ತಿ ಜಲಾನಯನದ ಲೆಕ್ಕ ಬೇಕು.

ಇನ್ನು ಮುಚ್ಚಳ. 1 ಮೀಟರ್ x 0.9 ಮೀಟರ್ x 100 ಮಿ.ಮೀ. ದಪ್ಪದ ಆರ್‌ಸಿಸಿ ಚಪ್ಪಡಿ 225 ಕೆ.ಜಿ. ತೂಗುತ್ತೆ. ಹೂಳೆತ್ತೋಕೆ ಬಂದವರು ಅದನ್ನು ಎತ್ತಲಾಗದೆ ಹಾರೆಯಿಂದ ಮೂಲೆ ಒಡೀತಾರೆ. ಕೇಬಲ್‌ನವರೂ ಅದನ್ನೇ ಮಾಡೋದು. ಚಪ್ಪಡಿ ಮುರಿಯೋದಕ್ಕೆ ಕಳಪೆ ಕಾಮಗಾರಿ ಎಷ್ಟು ಕಾರಣವೋ ಎತ್ತಲಾಗದ ತೂಕವೂ ಅಷ್ಟೇ ಕಾರಣ. ಪ್ರತಿ 10 ಮೀಟರಿಗೆ ಒಂದು ತಪಾಸಣಾ ಗುಂಡಿ, ಅದರ ಮೇಲೆ ಫ್ರೇಮ್ ಸಮೇತ ಕಬ್ಬಿಣದ ಮುಚ್ಚಳ ಅಥವಾ ಅರ್ಧ ಅಗಲದ (ಸುಮಾರು 100 ಕೆ.ಜಿ.) ಚಪ್ಪಡಿ, ಎತ್ತೋದಕ್ಕೆ ಕಂಬಿ ಕೊಕ್ಕೆ ಒಳಗೆ ಮಡಚಿಕೊಳ್ಳೋ ಹಾಗೆ. ಉಳಿದ ಉದ್ದಕ್ಕೆ ಚಪ್ಪಡಿ ಮುಟ್ಟೋ ಅಗತ್ಯವೇ ಬರಬಾರದು.

ರಸ್ತೆ ನೀರು ಒಳಗೆ ಹೋಗೋ ಬಾಯಿ ಕರ್ಬ್‌ನಲ್ಲೇ ಇರಲಿ, ಅದರ ಮುಂದೆ ರಸ್ತೆ ಸ್ವಲ್ಪ ತಗ್ಗಿರಲಿ, ಒಳಗೆ ಮೋರಿಗೆ ಸೇರೋ ಮೊದಲು ಒಂದು ಹೂಳು ಗುಂಡಿ ಇರಲಿ. ಪಿವಿಸಿ ಪೈಪ್ ತುಂಡನ್ನು ಕರ್ಬ್‌ನಲ್ಲಿ ತೂರಿಸಿ "ಇನ್‌ಲೆಟ್" ಅಂತ ಬಿಲ್ ಮಾಡ್ತಾರೆ. ಎರಡು ಹೊಂಗೆ ಎಲೆ, ಒಂದು ಹಾಲಿನ ಕವರ್ ಸಾಕು ಅದು ಮುಚ್ಚೋಕೆ.

ಕುಡ್ಲ_ಮಳೆ
ಈ 60 ಮಿ.ಮೀ. ಲೆಕ್ಕ ನಮ್ಮ ಕಡೆಗೆ ತರಬೇಡಿ ಮಾರಾಯ್ರೆ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಅದೂ ಹೆಚ್ಚಿನದು ನಾಲ್ಕು ತಿಂಗಳಲ್ಲಿ. ಜೊತೆಗೆ ಗುಡ್ಡದ ಇಳಿಜಾರು. ಇಲ್ಲಿ ತೊಂದರೆ ನೀರು ನಿಧಾನ ಆಗುವುದಲ್ಲ, ಜೋರಾಗುವುದು. ಕಡಿದಾದ ಕಡೆ ಮೋರಿ ತಳ ಕೊರೆದು ಹೋಗ್ತದೆ, ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕಾಗ್ತದೆ. ಕಾಂಕ್ರೀಟ್ ರಸ್ತೆ ಮಾಡಿ ಬದಿ ತುಂಬಿಸದೆ ಬಿಟ್ಟರೆ ಅಂಚಿನಲ್ಲಿ ಅರ್ಧ ಅಡಿ ಗುಂಡಿ. ಬೈಕಿನವ ಬಸ್ಸಿಗೆ ದಾರಿ ಬಿಡಲಿಕ್ಕೆ ಹೋಗಿ ಅಲ್ಲೇ ಬೀಳುವುದು. ಬದಿಯ ಮಣ್ಣು ತುಂಬಿ ರೋಲರ್ ಹೊಡೆದು ಇಂಟರ್‌ಲಾಕ್ ಹಾಕುವುದು ರಸ್ತೆ ಕೆಲಸದ್ದೇ ಭಾಗ ಅಂತ ಟೆಂಡರಿನಲ್ಲಿ ಇರಬೇಕು. "ಮುಂದಿನ ಅನುದಾನದಲ್ಲಿ" ಅಂದರೆ ಅದು ಬರುವುದಿಲ್ಲ.

ರ‍್ಯಾಂಪ್_ಎಲ್ಲಿ
ಗಾಲಿಕುರ್ಚಿ, ಕುರುಡುಗೋಲು, ಮಗುವಿನ ತಳ್ಳುಗಾಡಿ, ಸೂಟ್‌ಕೇಸ್: ಈ ನಾಲ್ಕಕ್ಕೂ ಒಂದೇ ಅಳತೆಗಳು ಸಾಕು, ಆದರೆ ಅವು ತಪ್ಪೋದು ಗೇಟುಗಳ ಮುಂದೆ.

40x60 ಸೈಟ್ ಅಂದರೆ 12 ಮೀಟರಿಗೊಂದು ಗೇಟ್. ಪ್ರತಿ ಗೇಟ್ ಮುಂದೆ ಫುಟ್‌ಪಾತನ್ನೇ ರಸ್ತೆ ಮಟ್ಟಕ್ಕೆ ಇಳಿಸಿ ಮತ್ತೆ ಏರಿಸಿದರೆ 300 ಮೀಟರಿನಲ್ಲಿ 25 ಏರಿಳಿತ. ಯಾರೂ ಅದರ ಮೇಲೆ ನಡೆಯಲ್ಲ, ರಸ್ತೆಗಿಳೀತಾರೆ. ಸರಿಯಾದ ಕ್ರಮ ಅಂದರೆ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ಕಾರು ಅದರ ಮೇಲೆ ಹತ್ತಿ ದಾಟಬೇಕು. ಹತ್ತೋ ಇಳಿಜಾರು ಕರ್ಬ್ ಅಂಚಿನ 300ರಿಂದ 450 ಮಿ.ಮೀ.ನಲ್ಲೇ ಮುಗಿಯಬೇಕು. 100 ಮಿ.ಮೀ. ಕರ್ಬ್ ಆದರೆ ಇದು ಸಾಧ್ಯ, 150 ಆದರೆ ಕಾರಿನ ತಳ ತಾಗುತ್ತೆ ಅಂತ ಮನೆಯವರು ಮತ್ತೆ ದಿಬ್ಬ ಕಟ್ಟಿಸ್ತಾರೆ. ಐಆರ್‌ಸಿ 150 ಅಂತ ಹೇಳಿರೋದು ಗರಿಷ್ಠ ಮಿತಿ, ಗುರಿ ಅಲ್ಲ. ಗೇಟಿನ ಒಳಗಿನ ಎತ್ತರ ವ್ಯತ್ಯಾಸಕ್ಕೆ ರ‍್ಯಾಂಪ್ ಕಾಂಪೌಂಡ್ ಒಳಗೇ ಇರಬೇಕು.

ಮೂಲೆಗಳಲ್ಲಿ 12ಕ್ಕೆ 1 ಇಳಿಜಾರು. 150 ಮಿ.ಮೀ.ಗೆ 1.8 ಮೀಟರ್ ಉದ್ದ ಬೇಕು, ಅಂದರೆ ಫುಟ್‌ಪಾತಿನ ಅಗಲವೆಲ್ಲ ರ‍್ಯಾಂಪಿಗೇ ಹೋಯ್ತು. 100 ಆದರೆ 1.2 ಸಾಕು. ಅದಕ್ಕಿಂತ ಒಳ್ಳೆಯದು, ಅಡ್ಡರಸ್ತೆ ಬಾಯಲ್ಲಿ ರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಏರಿಸಿ. ನಡೆಯೋರು ಇಳಿಯೋದೇ ಬೇಡ, ಒಳಗೆ ತಿರುಗೋ ಗಾಡಿ ನಿಧಾನ ಆಗಲೇಬೇಕು. ಒಂದೇ ಎಚ್ಚರಿಕೆ: ಏರಿಸಿದ ಜಾಗದ ಮೇಲ್ಬದಿಯಲ್ಲಿ ನೀರು ನಿಲ್ಲುತ್ತೆ. ಅಲ್ಲಿ ಎರಡೂ ಅಂಚಿಗೆ ಇನ್‌ಲೆಟ್ ಇಲ್ಲದೆ ಏರಿಸಿದರೆ ಮೊದಲ ಮಳೆಗೇ ಜನ ಒಡೆಸಿಹಾಕ್ತಾರೆ.

ಹಳದಿ ಟ್ಯಾಕ್ಟೈಲ್ ಟೈಲ್ಸ್ (ಕಣ್ಣು ಕಾಣದವರಿಗೆ ದಾರಿ ತಿಳಿಸೋ ಉಬ್ಬು ಟೈಲ್ಸ್): ಉದ್ದ ಗೆರೆ ಇರೋದು "ಹೀಗೆ ಹೋಗಿ", ಚುಕ್ಕಿ ಇರೋದು "ನಿಲ್ಲಿ, ನೋಡಿಕೊಳ್ಳಿ". ಗುತ್ತಿಗೆದಾರರು ಎರಡನ್ನೂ ಡಿಸೈನ್ ಅಂದ್ಕೊಂಡು ರಂಗೋಲಿ ಹಾಕಿರೋ ರಸ್ತೆಗಳಿವೆ. ನೇರ ಟ್ರಾನ್ಸ್‌ಫಾರ್ಮರ್ ಬೇಲಿಗೆ ಹೋಗಿ ಮುಗಿಯೋ ಗೆರೆ ಟೈಲ್ಸ್ ಇಲ್ಲದಿರೋದೇ ವಾಸಿ. ಗೆರೆ ಸಾಲು ತಪಾಸಣಾ ಮುಚ್ಚಳಗಳ ಮೇಲೆ ಹಾಯದಂತೆ ನಕ್ಷೆಯಲ್ಲೇ ಬೇರ್ಪಡಿಸಿ.

ಎರಡು_ಗಾಲಿ
ಬೈಕ್ ಹತ್ತದ ಹಾಗೆ ಬೊಲ್ಲಾರ್ಡ್ (ಗಿಡ್ಡ ಕಂಬ) ಒತ್ತೊತ್ತಾಗಿ ನೆಟ್ಟರೆ ಆಗಲ್ವಾ?

ರ‍್ಯಾಂಪ್_ಎಲ್ಲಿ
ಆಗಲ್ಲ. ಗಾಲಿಕುರ್ಚಿಗೆ ಕನಿಷ್ಠ 900 ಮಿ.ಮೀ. ಬೇಕು. ಸ್ಕೂಟರ್ ಹ್ಯಾಂಡಲ್ ಸುಮಾರು 700. ಕುರ್ಚಿ ಹೋಗೋ ಕಡೆ ಸ್ಕೂಟರ್ ಹೋಗೇ ಹೋಗುತ್ತೆ. ಬೊಲ್ಲಾರ್ಡ್‌ನಿಂದ ನಿಲ್ಲಿಸಬಹುದಾದ್ದು ಕಾರು, ಆಟೊ ಮಾತ್ರ. ಬೈಕ್ ಫುಟ್‌ಪಾತ್ ಹತ್ತೋದು ಸಿಗ್ನಲ್ ಹತ್ತಿರ ಕ್ಯೂ ಬೆಳೆದಾಗ. ಅಲ್ಲಿ ಪೊಲೀಸ್ ಕ್ಯಾಮೆರಾ ಕೆಲಸ ಮಾಡುತ್ತೆ, ಕಲ್ಲು ಮಾಡಲ್ಲ. ಕುರ್ಚಿ ನುಗ್ಗದ ತಿರುಗಣೆ ಗೇಟ್, ಎಸ್ ಆಕಾರದ ಕಂಬಿ ಹಾಕಿಸೋರು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಓದಲಿ.

ಚಿಗರಿ_ಪ್ಯಾಸೆಂಜರ್
ಬಸ್ ಸ್ಟಾಪ್ ಬಗ್ಗೆ ಯಾರೂ ಮಾತಾಡವಲ್ರಿ. ಸ್ಟಾಪ್ ಅಂದ್ರ ಬರೇ ಶೆಡ್ ಅಲ್ರೀ, ಅಲ್ಲಿಗೆ ನಡಕೊಂಡು ಬರೂ ದಾರೀನೂ ಅದರಾಗ ಬಂತು.

ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ನೋಡ್ರಿ. 2018ರಿಂದ ಚಿಗರಿ ಬಸ್ ಓಡಾಕತ್ತಾವು, ಸುಮಾರು 22 ಕಿ.ಮೀ. ನಡುರಸ್ತಿ ಬಸ್ಸಿಗೇ ಮೀಸಲು, ಸ್ಟೇಷನ್ ಕಟ್ಟಿ ಬಸ್ಸಿನ ನೆಲದ ಮಟ್ಟಕ್ಕ ಐತಿ, ಟಿಕೆಟ್ ಮೊದಲ ತಗೊಂಡು ಒಳಗ ಹೋಗೂದು. ಸ್ಟೇಷನ್ ಹತ್ರ ನಿಲ್ಲದ ಬಸ್ಸು ನಿಂತ ಬಸ್ಸನ್ನ ದಾಟಿ ಹೋಗಾಕ ಇನ್ನೊಂದು ಲೇನ್ ಐತಿ, ಅದಕ್ಕ ಎಕ್ಸ್‌ಪ್ರೆಸ್ ಓಡಿಸಾಕ ಬರ್ತದ. ಇದೆಲ್ಲಾ ಛಲೋನ. ಆದ್ರ ಸ್ಟೇಷನ್ ನಡುರಸ್ತ್ಯಾಗ ಇದ್ದ ಮ್ಯಾಲ ಹೋಗೂವಾಗ ಒಮ್ಮೆ, ಬರೂವಾಗ ಒಮ್ಮೆ ಮಂದಿ ಕಾರು-ಲಾರಿ ಓಡೂ ಅರ್ಧ ರಸ್ತಿ ದಾಟಬೇಕು. ಆ ಅರ್ಧ 10.5 ಮೀಟರ್ ಐತಿ ಅಂತ ಹಿಡೀರಿ. ಸೆಕೆಂಡಿಗೆ 1.2 ಮೀಟರ್ ನಡಿಯೂ ಹುಡುಗನಿಗೆ 9 ಸೆಕೆಂಡ್ ಸಾಕು, 0.8ರಾಗ ನಡಿಯೂ ಅಜ್ಜಗ 13 ಬೇಕು. ಸಿಗ್ನಲ್ ಹಸಿರು ಹುಡುಗನ ಲೆಕ್ಕಕ್ಕ ಇಟ್ರ ಅಜ್ಜ ನಡು ರಸ್ತ್ಯಾಗ ಸಿಗತಾನ. ಮ್ಯಾಲೆ ಸೇತುವೆ ಕಟ್ಟಿದ್ರ ಮೆಟ್ಟಿಲ ಯಾರು ಹತ್ತತಾರ್ರೀ? ಎಲ್ಲಾರೂ ಕೆಳಗ ಓಡತಾರ. ರಸ್ತಿ ಮಟ್ಟದಾಗ ಸಿಗ್ನಲ್, ನಡುವ ನಿಲ್ಲಾಕ ಕಟ್ಟಿ ಇರೂ ದಾಟುದಾರಿನ ಬೇಕು.

ನಿಮ್ಮ 40 ಅಡಿ ರಸ್ತಿಗೆ ಬಿಆರ್‌ಟಿಎಸ್ ಬ್ಯಾಡ, ಖರೆ. ಆದ್ರ ಸ್ಟಾಪಿನ ಎದುರಿಗೆ ದಾಟುದಾರಿ ಎಲ್ಲಿ ಅಂತ ಕೇಳ್ರಿ.

ಡ್ರೈವರ್_ಸೀಟ್
ದೆಹಲಿಯಲ್ಲಿ ಇದೇ ಬಿಆರ್‌ಟಿ 2008ರಲ್ಲಿ ಮಾಡಿ 2016ರಲ್ಲಿ ಕಿತ್ತುಹಾಕಲಿಲ್ಲವೇ? ಬೆಂಗಳೂರಲ್ಲೂ ಔಟರ್ ರಿಂಗ್ ರೋಡಿನಲ್ಲಿ 2019ರಲ್ಲಿ ಬಸ್ ಲೇನ್ ಅಂತ ಬೊಲ್ಲಾರ್ಡ್ ನೆಟ್ಟಿದ್ದರು, ಮೆಟ್ರೊ ಕೆಲಸ ಬಂತು, ಹೋಯ್ತು.

ಚಿಗರಿ_ಪ್ಯಾಸೆಂಜರ್
ದೆಹಲಿದು 5.8 ಕಿ.ಮೀ. ತುಂಡು. ಅಷ್ಟು ಸಣ್ಣ ತುಂಡಿನಾಗ ಬಸ್ಸಿನವಗ ಉಳಿಯೂ ಟೈಮ್ ಎಷ್ಟು, ಕಾರಿನವಗ ಬರೂ ಸಿಟ್ಟು ಎಷ್ಟು? ಲೇನ್ ಉದ್ದ ಇದ್ದಷ್ಟು ಅದರ ಲಾಭ ಕಾಣತದ. ರಿಂಗ್ ರೋಡಿಂದು ಎಡಬದಿ ಲೇನ್. ಸರ್ವಿಸ್ ರೋಡಿನಿಂದ ಬರೂ ಹೋಗೂ ಗಾಡಿ ಎಲ್ಲಾ ಅದನ್ನ ಅಡ್ಡ ಹಾಯಲೇಬೇಕು, ಅಲ್ಲೆಲ್ಲಾ ಬೊಲ್ಲಾರ್ಡ್ ಬಿಟ್ಟು ದಾರಿ ಕೊಡಬೇಕು, ಕೊಟ್ಟಲ್ಲಿ ಎಲ್ಲಾರೂ ನುಗ್ಗತಾರ. ನಡು ಲೇನಿಗೂ ಎಡ ಲೇನಿಗೂ ಇರೂ ಫರಕ್ ಇದ.

ನಡಿಗೆ_ಮೊದಲು
ಮೂಲ ಪ್ರಶ್ನೆಗೆ: ಬಸ್ ಬೇ ಬೇಡ. 12 ಮೀಟರ್ ಬಸ್ ಒಳಗೆ ತಿರುಗಿ ಕರ್ಬ್‌ಗೆ ಸಮನಾಗಿ ನಿಂತು ಮತ್ತೆ ಹೊರಬರೋಕೆ ಬೇ ಉದ್ದ ಬಸ್ಸಿನ ಎರಡರಷ್ಟಕ್ಕಿಂತ ಹೆಚ್ಚೇ ಬೇಕು. 40 ಅಡಿ ರಸ್ತೆಯಲ್ಲಿ ಅಷ್ಟು ಜಾಗ ಬರೋದು ಫುಟ್‌ಪಾತ್ ಕೊರೆದೇ. ಮಾಡಿದ ಮೇಲೆ ಅಲ್ಲಿ ಆಟೊ ನಿಲ್ಲುತ್ತೆ, ಬಸ್ ಓರೆಯಾಗಿ ರಸ್ತೆಯಲ್ಲೇ ನಿಲ್ಲುತ್ತೆ, ಜನ ಆಟೊ ಸಂದಿಯಲ್ಲಿ ಓಡ್ತಾರೆ.

ಬದಲಿಗೆ ಉಲ್ಟಾ ಮಾಡಿ. ಸ್ಟಾಪ್ ಇರೋ ಕಡೆ ಆ 2 ಮೀಟರ್ ಪಾರ್ಕಿಂಗ್ ಪಟ್ಟಿಯನ್ನು ನಿಲ್ಲಿಸಿ ಫುಟ್‌ಪಾತನ್ನೇ ಲೇನ್ ಅಂಚಿನವರೆಗೆ ಚಾಚಿ, 15 ಮೀಟರ್ ಉದ್ದ. ಬಸ್ ಪಕ್ಕಕ್ಕೆ ತಿರುಗದೆ ನೇರ ನಿಲ್ಲುತ್ತೆ, ನೇರ ಹೊರಡುತ್ತೆ. ಶೆಲ್ಟರ್ ಆ ಚಾಚಿದ ಭಾಗದಲ್ಲಿ ಕೂರುತ್ತೆ, ಹಿಂದೆ ನಡೆಯೋ 1.8 ಮೀಟರ್ ಹಾಗೇ ಉಳಿಯುತ್ತೆ. ಶೆಲ್ಟರ್ ಬೆನ್ನು ಕಾಂಪೌಂಡಿಗೆ ಒರಗಿಸಿದರೆ ನಡೆಯೋರು ಕೂತವರ ಕಾಲು ದಾಟಿಕೊಂಡು ಹೋಗಬೇಕು, ಅದು ಬೇಡ. ದಾಟುದಾರಿ ಬಸ್ಸಿನ ಹಿಂಬದಿಗೆ ಬರಲಿ. ಇಳಿದವರು ಬಸ್ಸಿನ ಮುಂದೆ ದಾಟಿದರೆ ಹಿಂದಿನಿಂದ ಓವರ್‌ಟೇಕ್ ಮಾಡೋ ಬೈಕಿಗೆ ಕಾಣಲ್ಲ.

ಡ್ರೈವರ್_ಸೀಟ್
ಹಿಂದಿನ ಗಾಡಿಗಳೆಲ್ಲ ಬಸ್ಸಿನ ಹಿಂದೆ ಕಾಯಬೇಕು ಹಾಗಾದರೆ.

ನಡಿಗೆ_ಮೊದಲು
ಹೌದು, ಬಸ್ ನಿಂತಿರೋ ಅಷ್ಟು ಹೊತ್ತು. ನಲವತ್ತು ಜನ ಇರೋ ಬಸ್ಸು ಪ್ರತಿ ಸ್ಟಾಪಿನಲ್ಲೂ ಕಾರುಗಳ ಸಂದಿ ಹುಡುಕಿಕೊಂಡು ಕಾಯೋದಕ್ಕಿಂತ ಇದು ನ್ಯಾಯ. ದಿನವಿಡೀ ನಿಮಿಷಕ್ಕೊಂದು ಬಸ್ ಬರೋ ದೊಡ್ಡ ರಸ್ತೆಯಾದರೆ ನಾನೂ ಹೀಗೆ ಹೇಳಲ್ಲ.

ಕಲ್ಲು_ಚಪ್ಪಡಿ
ಈಗ ಟೈಲ್ಸಿಗೆ ಬರಬಹುದಾ?

ಸಿಮೆಂಟ್ ಪೇವರ್ ಬ್ಲಾಕ್ ಸಾಕು. ಐಎಸ್ 15658 ಗುಣಮಟ್ಟ. ನಡೆಯೋ ಜಾಗಕ್ಕೆ 60 ಮಿ.ಮೀ. ದಪ್ಪ, ಗೇಟುಗಳ ಮುಂದೆ 80. ಎಲ್ಲಾ ಕಡೆ 60 ಹಾಕಿ 80ಕ್ಕೆ ಬಿಲ್ ಮಾಡೋದು ಸುಲಭ, ಮುಚ್ಚಿದ ಮೇಲೆ ಕಾಣಲ್ಲ. ಹಾಕೋವಾಗ ಗೇಟ್ ಮುಂದೆ ಒಂದು ಬ್ಲಾಕ್ ಅಡ್ಡ ನಿಲ್ಲಿಸಿ ಟೇಪ್ ಹಿಡಿದರೆ ಮುಗೀತು. ನೀರು ಹೀರಿಕೆ ಸರಾಸರಿ ಶೇ. 6 ಮೀರಬಾರದು. ಲ್ಯಾಬ್ ವರದಿ ಕೇಳಿ.

ಬ್ಲಾಕ್ ಚೆನ್ನಾಗಿದ್ದೂ ಫುಟ್‌ಪಾತ್ ಕುಸಿಯುತ್ತಲ್ಲ, ಅದಕ್ಕೆ ಹೆಚ್ಚುಪಾಲು ಮೂರೇ ಕಾರಣ. ಒಂದು, ಮೋರಿ ಗೋಡೆ ಪಕ್ಕದ ಖಾಲಿ ಜಾಗಕ್ಕೆ ಅಗೆದ ಮಣ್ಣು, ಕಲ್ಲು, ಸಿಮೆಂಟ್ ಚೀಲ ಎಲ್ಲಾ ಒಟ್ಟಿಗೆ ಸುರಿದು ಮೇಲೆ ಒಂದು ಸಲ ಕುಟ್ಟೋದು. 150ರಿಂದ 200 ಮಿ.ಮೀ. ಪದರಗಳಲ್ಲಿ ನೀರು ಹದ ಮಾಡಿ, ಪ್ರತಿ ಪದರ ಕುಟ್ಟಬೇಕು. ಎರಡು, ಬ್ಲಾಕ್ ಅಡಿಯ ಮರಳು. 30 ಮಿ.ಮೀ. ಆಸುಪಾಸು ಇರಬೇಕಾದ್ದು, ಕೆಳಗಿನ ಮಟ್ಟ ತಪ್ಪಿದ್ದನ್ನು ಮುಚ್ಚೋಕೆ ಮರಳನ್ನೇ 100 ಮಿ.ಮೀ. ತುಂಬಿದರೆ ಅಲ್ಲಿ ಅಲೆ ಅಲೆಯಾಗಿ ಇಳಿಯುತ್ತೆ. ಕ್ರಷರ್ ಡಸ್ಟ್ ಹಾಕಿದರೆ ನೀರು ಇಂಗದೆ ಕೆಸರಾಗುತ್ತೆ. ಮಳೆಗಾಲದಲ್ಲಿ ಬ್ಲಾಕ್ ಮೇಲೆ ಕಾಲಿಟ್ಟರೆ ಸಂದಿಯಿಂದ ಪಿಚಕಾರಿ ಹೊಡೆಯೋದು ಅದೇ. ಮೂರು, ಅಂಚಿನ ಹಿಡಿತ. ಕರ್ಬ್ ಕಲ್ಲಿನ ಬೆನ್ನಿಗೆ ಕಾಂಕ್ರೀಟ್ ಕೊಡದೆ ಬರೀ ಮಣ್ಣಲ್ಲಿ ನಿಲ್ಲಿಸಿದರೆ ಒಂದು ಕಾರು ಹತ್ತಿದಾಗ ಕಲ್ಲು ವಾಲುತ್ತೆ, ಸಂದಿ ಬಿಡುತ್ತೆ, ಮರಳು ಮೋರಿಗೆ ಹೋಗುತ್ತೆ, ಸಾಲಾಗಿ ಬ್ಲಾಕ್ ಸಡಿಲ.

ಕರ್ಬ್‌ಗೆ ಸಾದರಹಳ್ಳಿ ಗ್ರಾನೈಟ್ ಸಿಕ್ಕರೆ ಹಾಕಿಸಿ, ಕಿತ್ತು ಮತ್ತೆ ಮತ್ತೆ ಬಳಸಬಹುದು. ನಡೆಯೋ ಜಾಗಕ್ಕೂ ಗ್ರಾನೈಟ್ ಅಂದರೆ ಫ್ಲೇಮ್ಡ್, ಅಂದರೆ ಒರಟು ಮೈ ಮಾತ್ರ. ಪಾಲಿಶ್ ಕಲ್ಲು ಮಳೆಯಲ್ಲಿ ಸೊಂಟ ಮುರಿಯುತ್ತೆ.

ಹೊಂಗೆ_ನೆರಳು
ಮರದ ಬುಡಕ್ಕೆ ಕಾಂಕ್ರೀಟ್ ಸುರೀಬೇಡಿ ಅಂತ ಟೆಂಡರಿನಲ್ಲೇ ಬರೆಸಿ. ಸುತ್ತ ಒಂದೊಂದು ಮೀಟರ್ ಮಣ್ಣು ಬಿಡಬೇಕು. ಅಗೆಯೋವಾಗ ಮರದ ಹತ್ತಿರ ಜೆಸಿಬಿ ಬೇಡ, ಕೈಯಲ್ಲೇ ಅಗೆಯಲಿ. ಒಂದು ಬದಿಯ ದಪ್ಪ ಬೇರೆಲ್ಲ ಕತ್ತರಿಸಿ ಮೋರಿ ಗೋಡೆ ಎಬ್ಬಿಸಿದರೆ ಆ ಮರ ಮುಂದಿನ ಏಪ್ರಿಲ್-ಮೇ ಗಾಳಿಮಳೆಗೆ ರಸ್ತೆ ಕಡೆಗೋ ಮನೆ ಕಡೆಗೋ ಉರುಳುತ್ತೆ. ಆಮೇಲೆ "ಹಳೇ ಮರ" ಅಂತಾರೆ. ದೊಡ್ಡ ಬೇರು ಸಿಕ್ಕ ಕಡೆ ಮೋರಿಯನ್ನು ಪೈಪ್ ಮಾಡಿ ಬೇರಿನ ಕೆಳಗೆ ದಾಟಿಸಬಹುದು, ಐದಾರು ಮೀಟರಿನ ಮಾತು. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು, ಎಇಇ (ಪಾಲಿಕೆ ಇಂಜಿನಿಯರ್) ಬಾಯಿಮಾತಲ್ಲಿ ಹೇಳಿದರೆ ಆಗಲ್ಲ.

ಹೊಸದಾಗಿ ನೆಡೋದಾದರೆ ಹೊಂಗೆ, ಬೇವು. ಗುಲ್‌ಮೊಹರ್, ಆಕಾಶಮಲ್ಲಿಗೆ ಕಣ್ಣಿಗೆ ಚೆಂದ, ಆದರೆ ಗಾಳಿಗೆ ಕೊಂಬೆ ಮುರಿಯೋದರಲ್ಲಿ ಅವೇ ಮುಂದು.

ಎರಡು_ಗಾಲಿ
ಸೈಕಲ್ ಪಥ?

ನಡಿಗೆ_ಮೊದಲು
40 ಅಡಿಯಲ್ಲಿ ಬೇಡ. ವೇಗ 30ರೊಳಗೆ ಬಂದರೆ ಸೈಕಲ್ ರಸ್ತೆಯಲ್ಲೇ ಹೋಗಬಹುದು. ಬಣ್ಣ ಬಳಿದ ಪಥ ಪಾರ್ಕಿಂಗ್ ಆಗುತ್ತೆ. ಮೋರಿ ಜಾಲರಿಯ ಸಂದು ರಸ್ತೆಗೆ ಅಡ್ಡಲಾಗಿರಲಿ, ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತೆ. ಅಷ್ಟು ಮಾಡಿಸಿದರೆ ಸಾಕು.

ಸೈಟ್_ಇಂಜಿನಿಯರ್
ಇಷ್ಟೆಲ್ಲ ಸರಿ ಮಾಡಿ ಆರು ತಿಂಗಳಿಗೆ ಜಲಮಂಡಳಿ ಅಗೆದರೆ? ಅದಕ್ಕೇ ಕೆಲಸದ ಕ್ರಮ ಮುಖ್ಯ. ನಗರದಲ್ಲಿ ಟೆಂಡರ್ ಶ್ಯೂರ್ ಅನ್ನೋ ಯೋಜನೆಯ ರಸ್ತೆಗಳಲ್ಲಿ ಜನ ನೋಡೋದು ಕಲ್ಲಿನ ಫುಟ್‌ಪಾತ್, ಆದರೆ ಅಲ್ಲಿ ನಿಜವಾದ ಖರ್ಚು ಇರೋದು ಅದರ ಕೆಳಗೆ. ಕೇಬಲ್, ನೀರು, ಒಳಚರಂಡಿ, ಮಳೆನೀರಿಗೆ ಬೇರೆ ಬೇರೆ ದಾರಿ, ಅಲ್ಲಲ್ಲಿ ಗುಂಡಿ. ಹೊಸ ಕೇಬಲ್ ಬಂದರೆ ಡಾಂಬರ್ ಕತ್ತರಿಸೋ ಹಾಗಿಲ್ಲ. ಅಷ್ಟು ದುಡ್ಡು ನಿಮ್ಮ ಅಡ್ಡರಸ್ತೆಗೆ ಬರಲ್ಲ, ತತ್ವ ಮಾತ್ರ ತಗೊಳ್ಳಿ.

ಮೊದಲು 50 ಮೀಟರಿಗೊಂದು ಪರೀಕ್ಷಾ ಗುಂಡಿ ತೋಡಿ ಯಾವ ಪೈಪ್ ಎಷ್ಟು ಆಳದಲ್ಲಿದೆ ನೋಡಬೇಕು. ಹಳೇ ಬಡಾವಣೆಗಳ ನಕ್ಷೆ ನಂಬೋ ಹಾಗಿಲ್ಲ. ಆಮೇಲೆ ಒಳಚರಂಡಿ ಮತ್ತು ನೀರಿನ ಹಳೇ ಪೈಪ್ ಬದಲಾವಣೆ, ಮನೆ ಸಂಪರ್ಕ ಸಮೇತ. ಯಾರ ಮನೆ ಕೊಳಚೆ ಮಳೆನೀರು ಮೋರಿಗೆ ಬಿಟ್ಟಿದೆಯೋ ಅದನ್ನು ಒಳಚರಂಡಿಗೆ ತಿರುಗಿಸೋದೂ ಆಗಲೇ. ಅದಾದ ಮೇಲೆ ಮೋರಿ, ಅದರ ಪಕ್ಕ ಕೇಬಲ್ ಪೈಪು. ಎರಡು ಖಾಲಿ ಪೈಪ್ ಹೆಚ್ಚಿಗೆ ಹಾಕಿ ಒಳಗೆ ನೈಲಾನ್ ಹಗ್ಗ ಬಿಟ್ಟು ಎರಡೂ ತುದಿ ಮುಚ್ಚಿಡಿ, ನಾಳೆ ಬಂದವರು ಕೇಬಲ್ ಎಳ್ಕೋತಾರೆ. ರಸ್ತೆ ಅಡ್ಡಕ್ಕೂ 50 ಮೀಟರಿಗೊಂದು ಹಾಗೇ. ನಂತರ ಕರ್ಬ್, ಬುನಾದಿ, ಬ್ಲಾಕ್. ಮೇಲ್ಪದರದ ಡಾಂಬರ್ ಎಲ್ಲಕ್ಕಿಂತ ಕೊನೆಗೆ.

ಸಾಮಾನ್ಯವಾಗಿ ನಡೆಯೋದು ಇದರ ಉಲ್ಟಾ. ಡಾಂಬರ್ ಬೇಗ ಕಣ್ಣಿಗೆ ಕಾಣುತ್ತೆ, ಬಿಲ್ಲೂ ಬೇಗ ಆಗುತ್ತೆ.

ಅಡ್ಡರಸ್ತೆ_ನಿವಾಸಿ
ಸಭೆಗೆ ಬೇಕಾದಷ್ಟಾಯ್ತು. ನಕ್ಷೆ ಕೊಡಲ್ಲ ಅಂದರೆ?

ಕಡತ_ಕಣ್ಣು
ಆರ್‌ಟಿಐ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಯಾಕೆ ಹೀಗೆ ಮಾಡಿದ್ದೀರಿ" ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಬರುತ್ತೆ, ದಾಖಲೆಯ ಹೆಸರು ಹೇಳಿಯೇ ಕೇಳಿ. ಹೀಗೆ ಬರೆಯಿರಿ: "ಈ ಕೆಳಕಂಡ ಕಾಮಗಾರಿಗೆ ಸಂಬಂಧಿಸಿದ (1) ಅನುಮೋದಿತ ಅಂದಾಜು ಪಟ್ಟಿ, (2) ಎಲ್-ಸೆಕ್ಷನ್ ಮತ್ತು ಅಡ್ಡಕೊಯ್ತ ನಕ್ಷೆಗಳು, ಟೆಂಡರ್ ಆಗಿದ್ದಲ್ಲಿ (3) ಕಾರ್ಯಾದೇಶ, (4) ದೋಷ ಹೊಣೆಗಾರಿಕೆ ಅವಧಿಯ ಷರತ್ತು ಇರುವ ಒಪ್ಪಂದದ ಪುಟ, ಇವುಗಳ ದೃಢೀಕೃತ ನಕಲು." ಕಾಮಗಾರಿ ಸಂಖ್ಯೆ ಗೊತ್ತಿದ್ದರೆ ಹಾಕಿ, ಇಲ್ಲದಿದ್ದರೆ "ಯಾವ ಕಾಮಗಾರಿ ತಿಳಿಯುತ್ತಿಲ್ಲ" ಅಂತ ಉತ್ತರ ಬರುತ್ತೆ. ಈಗ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಅಡಿ ಐದು ಪಾಲಿಕೆಗಳಾಗಿವೆ, ನಿಮ್ಮ ರಸ್ತೆ ಯಾವ ಪಾಲಿಕೆಯ ಯಾವ ಉಪವಿಭಾಗಕ್ಕೆ ಬರುತ್ತೆ ನೋಡಿಕೊಂಡೇ ವಿಳಾಸ ಬರೆಯಿರಿ.

ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡೋ ಪುಸ್ತಕ) ನಕಲು ಈಗ ಕೇಳಬೇಡಿ, ಅದರಲ್ಲಿ ಇನ್ನೂ ಏನೂ ಇರಲ್ಲ. ಮೊದಲ ಬಿಲ್ ಆದ ಮೇಲೆ ಬೇರೆ ಅರ್ಜಿ ಹಾಕಿ, 80 ಮಿ.ಮೀ. ಬ್ಲಾಕ್ ಎಷ್ಟು ಚದರ ಮೀಟರ್ ಅಂತ ಬರೆದಿದ್ದಾರೆ ನೋಡಿ. ನಿಮ್ಮ ಗೇಟುಗಳ ಅಗಲ ಟೇಪಿನಲ್ಲಿ ಅಳೆದು ಫುಟ್‌ಪಾತ್ ಅಗಲದಿಂದ ಗುಣಿಸಿದರೆ ತಾಳೆ ಆಗುತ್ತೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ.